ಶಿಲಾತೈಲಜನ್ಯ ಲೇಪನಗಳು ಮತ್ತು ಅವುಗಳ ಅಪಕೀರ್ತಿ: ಒಂದು ವಿಮರ್ಶೆ

೧

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳಲ್ಲಿ ಚಳಿಗಾಲವು ಬಂದಿತೆಂದರೆ ಗಾಳಿಯು ಒಣಗುತ್ತದೆ. ಅದರೊಡನೆ ಜನರ ಮೈಯೂ ಒಡೆಯುತ್ತದೆ. ತುಟಿ ಬಿರಿಯುವದು, ಅಂಗೈ ಒರಟಾಗುವದು, ಹಿಮ್ಮಡಿ ಸೀಳಿ ನೆತ್ತರು ಒಸರುವದು ಇಲ್ಲಿ ಪ್ರತಿವರ್ಷದ ಅನುಭವ. ನಿಪ್ಪಾಣಿಯಲ್ಲಿ ತಂಬಾಕಿನ ಎಲೆಯನ್ನು ಬೇರ್ಪಡಿಸುವ ಮತ್ತು ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ, ಕೃಷ್ಣಾ ಮತ್ತು ದೂಧಗಂಗಾ ನದಿಗಳ ದಂಡೆಯಲ್ಲಿ ಕಬ್ಬು ಕಡಿಯುವವರಿಗೆ, ಅಥಣಿಯಲ್ಲಿ ತೊಗಲು ಹದಮಾಡಿ ಚಪ್ಪಲಿ ಹೊಲಿಯುವವರಿಗೆ ಇದು ಸೌಂದರ್ಯದ ಪ್ರಶ್ನೆಯಲ್ಲ, ಮರುದಿನದ ಕೂಲಿಯ ಪ್ರಶ್ನೆ. ಒಡೆದ ಕೈಯಿಂದ ಎಲೆ ಬಿಡಿಸುವದಾಗಲಿ ದಾರ ಎಳೆಯುವದಾಗಲಿ ಸುಲಭವಲ್ಲ.

ಈ ಲೇಖನಕ್ಕೆ ಕಾರಣವಾದ ಸಂಗತಿ ಚಿಕ್ಕದು. ಒಂದು ದಿನ ತರಗತಿಯು ಮುಗಿದ ಮೇಲೆ, ತಂಬಾಕಿನ ಕೆಲಸಕ್ಕೆ ಹೋಗುವ ತಾಯಿಯ ಮಗಳಾದ ಒಬ್ಬ ವಿದ್ಯಾರ್ಥಿನಿಯು ತಾನು ಮನೆಯಲ್ಲಿದ್ದ ವ್ಯಾಸಲೀನಿನ ಡಬ್ಬಿಯನ್ನು ಎಸೆದುಬಿಟ್ಟೆನೆಂದು ಅಭಿಮಾನದಿಂದ ಹೇಳಿದಳು. ಏಕೆಂದು ಕೇಳಲಾಗಿ, “ಅದು ಪೆಟ್ರೋಲದಾಗಿಂದ ತಗದದ್ದಂತ್ರೀ ಸರ, ಕ್ಯಾನ್ಸರ್ ಬರ್ತದಂತ” ಎಂದಳು. ಅದರ ಬದಲಿಗೆ ಆಕೆಯು ತಾಯಿಗೆ ಕೊಂಡುಕೊಟ್ಟುದು ‘ವನಸ್ಪತಿಜನ್ಯ’ವೆಂಬ ಹೆಸರಿನ ಒಂದು ಸಣ್ಣ ಶೀಶೆ, ಅದರ ಬೆಲೆಯು ತಾಯಿಯ ಒಂದು ದಿನದ ದುಡಿಮೆಗಿಂತ ಕಡಿಮೆಯಾಗಿರಲಿಲ್ಲ. ತಾಯಿಯ ಹಿಮ್ಮಡಿ ಮಾತ್ರ ಮೊದಲಿನಂತೆಯೇ ಇತ್ತು.

ನಾವು ವೈದ್ಯರಲ್ಲ, ರಸಾಯನಶಾಸ್ತ್ರಜ್ಞರೂ ಅಲ್ಲ. ಆದರೆ ಒಂದು ವಸ್ತುವಿನ ಕೀರ್ತಿಯಾಗಲಿ ಅಪಕೀರ್ತಿಯಾಗಲಿ ಕಾಲದಲ್ಲಿ ಹುಟ್ಟಿ ಕಾಲದಲ್ಲಿ ಬೆಳೆಯುವಂಥದು. ಆದುದರಿಂದ ಅದು ಇತಿಹಾಸದ ವಿಷಯವೂ ಆಗಿದೆ. ಒಂದು ಶಾಸನದ ಪಾಠವನ್ನು ಒಪ್ಪುವ ಮೊದಲು ಅದು ಎಲ್ಲಿಯದು, ಯಾವ ಕಾಲದ್ದು, ಯಾರು ಯಾರನ್ನು ಕುರಿತು ಹೇಳಿದ್ದೆಂದು ನಾವು ವಿಚಾರಿಸುತ್ತೇವೆ. ಅದೇ ವಿಚಾರಣೆಯನ್ನು “ಪೆಟ್ರೋಲಿಯಂ ಮೈಗೆ ವಿಷ” ಎಂಬ ಈಗ ಬಾಯಿಂದ ಬಾಯಿಗೆ ಹರಿಯುತ್ತಿರುವ ವಾಕ್ಯಕ್ಕೂ, “ಇದು ಶುದ್ಧ ಬಾದಾಮಿಯ ಗುಣ” ಎಂಬ ಜಾಹೀರಾತಿನ ವಾಕ್ಯಕ್ಕೂ ಅನ್ವಯಿಸಿ ನೋಡುವದು ಪ್ರಕೃತ ಲೇಖನದ ಉದ್ದೇಶ.

೨

ಶಿಲಾತೈಲವು ನಮ್ಮಲ್ಲಿಗೆ ಬರುವ ಮೊದಲು ಮೈಗೆ ಏನನ್ನು ಹಚ್ಚುತ್ತಿದ್ದರು ಎಂಬದನ್ನು ಮೊದಲು ನೋಡಬೇಕು. ಆಯುರ್ವೇದವು ಸ್ನೇಹದ್ರವ್ಯಗಳನ್ನು ನಾಲ್ಕಾಗಿ ಎಣಿಸುತ್ತದೆ: ಘೃತ, ತೈಲ, ವಸೆ, ಮಜ್ಜೆ. ಇವುಗಳಲ್ಲಿ ಎರಡನೆಯದು ಬೀಜದಿಂದ ಬಂದುದು, ಉಳಿದವು ಪ್ರಾಣಿಗಳಿಂದ ಬಂದವು. ನಾಲ್ಕೂ ಜೀವದಿಂದ ಹುಟ್ಟಿದವು. ನೆಲದಡಿಯ ಕಲ್ಲಿನಿಂದ ಒಸರಿದ ಎಣ್ಣೆಗೆ ಈ ಎಣಿಕೆಯಲ್ಲಿ ಸ್ಥಾನವಿಲ್ಲ. ಈ ಅಂಶವು ಮುಂದಿನ ವಿಚಾರಕ್ಕೆ ಮಹತ್ವದ್ದು. ‘ಸ್ನೇಹ’ವೆಂಬ ಒಂದೇ ಶಬ್ದದಿಂದ ಎಣ್ಣೆಯನ್ನೂ ಪ್ರೀತಿಯನ್ನೂ ಕರೆದ ಸಂಸ್ಕೃತಿಯು ಜೀವವಿಲ್ಲದ ಎಣ್ಣೆಯನ್ನು ಸಂಶಯದಿಂದ ನೋಡಿದರೆ ಆಶ್ಚರ್ಯವೇನೂ ಇಲ್ಲ.

ಕನ್ನಡ ನಾಡಿನಲ್ಲಿ ಈ ವಿದ್ಯೆಯು ಗ್ರಂಥಸ್ಥವಾಗಿಯೂ ಇದ್ದಿತು. ೧೧ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಸುಗಂಧದ್ರವ್ಯಗಳಿಗೂ ವೈದ್ಯಕ್ಕೂ ಎಡೆಯುಂಟು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸನ ಸ್ನಾನವನ್ನೂ ಎಣ್ಣೆಯೊತ್ತುವಿಕೆಯನ್ನೂ ಭೋಗಗಳಲ್ಲಿ ಸೇರಿಸುತ್ತದೆ. ಆದರೆ ಇವು ಅರಮನೆಯ ಮಾತುಗಳು. ನಮ್ಮ ಐದು ತಾಲೂಕುಗಳ ಮನೆಗಳಲ್ಲಿ ನಡೆದುಬಂದುದು ಸರಳವಾದದ್ದು. ಅಥಣಿಯ ಕಡೆಯ ಎರೆನೆಲದಲ್ಲಿ ಬೆಳೆಯುವ ಕುಸುಬಿಯ ಎಣ್ಣೆ, ಶೇಂಗಾದ ಎಣ್ಣೆ, ಔಡಲೆಣ್ಣೆ, ಕೊಬ್ಬರಿಯೆಣ್ಣೆ, ಮನೆಯ ಬೆಣ್ಣೆ-ತುಪ್ಪಗಳು, ಹಾಗೂ ಸಹ್ಯಾದ್ರಿಯ ಘಟ್ಟಗಳನ್ನು ಏರಿ ಕೊಂಕಣದಿಂದ ಬರುವ ಮುರುಗಲ ತುಪ್ಪ ಇವೇ ಸಾಮಾನ್ಯರ ಲೇಪನಗಳು. ಈ ಮುರುಗಲ ತುಪ್ಪವು ಮಾಮೂಲು ಹವೆಯಲ್ಲಿ ಗಟ್ಟಿಯಾಗಿಯೇ ಇದ್ದು, ಬಿಸಿಮಾಡಿ ಹಿಮ್ಮಡಿಯ ಸೀಳಿಗೆ ತುಂಬಲು ಬರುತ್ತದೆ. ರಾಳ, ಜೇನುಮೇಣ ಹಾಗೂ ಎಣ್ಣೆಗಳನ್ನು ಕಾಯಿಸಿ ಕೂಡಿಸಿದ ಮುಲಾಮು ಇನ್ನೊಂದು. ಹೆಂಗಸರು ಹಣೆಗೆ ಮೊದಲು ತುಸು ಮೇಣವನ್ನು ಹಚ್ಚಿ ಅದರ ಮೇಲೆ ಕುಂಕುಮವನ್ನು ಇಡುತ್ತಿದ್ದರು. ಬಾಣಂತಿಗೂ ಕೂಸಿಗೂ ಎಣ್ಣೆ-ನೀರು, ನರಕಚತುರ್ದಶಿಯ ಅಭ್ಯಂಗ ಇವಂತೂ ಇಂದಿಗೂ ಇವೆ.

ಈ ಲೇಪನಗಳಿಗೆ ಎರಡು ಕೊರತೆಗಳಿದ್ದವು. ಮೊದಲನೆಯದಾಗಿ ಬೀಜದೆಣ್ಣೆ ಮತ್ತು ಬೆಣ್ಣೆಗಳು ಕೆಲ ಕಾಲಕ್ಕೆ ಕಮಟು ಹಿಡಿಯುತ್ತವೆ. ಔಷಧವನ್ನು ಅವುಗಳಲ್ಲಿ ಕಲಸಿ ಬಹುಕಾಲ ಇಡಲು ಬರುವದಿಲ್ಲ. ಎರಡನೆಯದಾಗಿ ಊಟದ ಎಣ್ಣೆಯನ್ನೇ ಮೈಗೆ ಹಚ್ಚುವದು ಬಡವರ ಮನೆಯಲ್ಲಿ ಅಡಿಗೆಯ ಪಾಲನ್ನು ಕಡಿಮೆಮಾಡಿದಂತೆಯೇ ಸರಿ. ಯುರೋಪಿನಲ್ಲಿಯೂ ಇದೇ ತೊಡಕಿದ್ದಿತು. ಗ್ರೀಕ್ ವೈದ್ಯನಾದ ಗ್ಯಾಲನ್ನನ ಹೆಸರಿನಿಂದ ಪ್ರಸಿದ್ಧವಾದ ಮೇಣ, ಎಣ್ಣೆ ಮತ್ತು ನೀರಿನ ತಂಪು ಲೇಪನವು ಶತಮಾನಗಳವರೆಗೆ ಬೇಗನೆ ಕೆಡುವ ಪದಾರ್ಥವಾಗಿಯೇ ಉಳಿದಿತ್ತು.

೩

೧೮೫೯ರಲ್ಲಿ ಅಮೇರಿಕೆಯ ಪೆನ್ಸಿಲ್ವೇನಿಯಾ ಪ್ರಾಂತದ ಟೈಟಸ್‌ವಿಲ್ ಎಂಬಲ್ಲಿ ಕೊಳವೆಬಾವಿಯನ್ನು ಕೊರೆದು ಶಿಲಾತೈಲವನ್ನು ಹೊರತೆಗೆದ ಸಂಗತಿಯು ಪ್ರಸಿದ್ಧವಾಗಿದೆ. ಅಲ್ಲಿಯ ಪಂಪುಗಳ ಸರಳುಗಳಿಗೆ ಅಂಟಿಕೊಳ್ಳುತ್ತಿದ್ದ ಜಿಗಟು ಮೇಣವು ಕೂಲಿಗಳ ಪಾಲಿಗೆ ಪೀಡೆಯಾಗಿತ್ತು. ಆದರೆ ಅದನ್ನೇ ಅವರು ಗಾಯಕ್ಕೂ ಸುಟ್ಟ ಹುಣ್ಣಿಗೂ ಹಚ್ಚಿಕೊಳ್ಳುತ್ತಿದ್ದರು. ರಾಬರ್ಟ್ ಚೆಸ್‌ಬ್ರೋ ಎಂಬ ರಸಾಯನಜ್ಞನು ಇದನ್ನು ಗಮನಿಸಿ, ಆ ಮೇಣವನ್ನು ಶೋಧಿಸಿ, ಎಲುಬಿನ ಇದ್ದಿಲಿನ ಮೂಲಕ ಸೋಸಿ, ಬಣ್ಣ-ವಾಸನೆಗಳನ್ನು ಕಳೆದು ೧೮೭೨ರಲ್ಲಿ ‘ವ್ಯಾಸಲೀನ್’ ಎಂಬ ಹೆಸರಿನಿಂದ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಆ ಹಕ್ಕುಪತ್ರದಲ್ಲಿ ಒಡೆದ ಕೈಗಳಿಗೂ ಕೂದಲಿಗೂ ಇದರ ಉಪಯೋಗವನ್ನು ಹೇಳಿರುವಂತೆಯೇ, ಹದಮಾಡಿದ ತೊಗಲನ್ನು ಮೆತ್ತಗಾಗಿಸುವ ಉಪಯೋಗವನ್ನೂ ಹೇಳಿದೆ. ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳಿಂದ ಹದಗೊಂಡ ತೊಗಲಿಗೆ ಎಣ್ಣೆ ತೀಡುವ ಅಥಣಿಯ ಕುಶಲಕರ್ಮಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಾರದು. ಸತ್ತ ತೊಗಲಾಗಲಿ ಬದುಕಿದ ತೊಗಲಾಗಲಿ ನೀರಿನಂಶವನ್ನು ಕಳೆದುಕೊಂಡರೆ ಬಿರಿಯುತ್ತದೆ, ಜಿಡ್ಡು ಅದನ್ನು ತಡೆಯುತ್ತದೆ ಎಂಬದು ಆತನ ದಿನನಿತ್ಯದ ಜ್ಞಾನ.

ಈ ಹೊಸ ಪದಾರ್ಥವು ಜಗತ್ತನ್ನು ವ್ಯಾಪಿಸಿದ್ದು ಮುಖ್ಯವಾಗಿ ಅದು ಕೆಡುವದಿಲ್ಲ ಎಂಬ ಗುಣದಿಂದ. ಔಷಧಶಾಸ್ತ್ರದವರು ಇದನ್ನು ಮುಲಾಮುಗಳಿಗೆ ಆಧಾರದ್ರವ್ಯವನ್ನಾಗಿ ಸ್ವೀಕರಿಸಿದರು. ಭಾರತೀಯ ಔಷಧಕೋಶದ ಮೊದಲನೆಯ ಆವೃತ್ತಿಯು ೧೯೫೫ರಲ್ಲಿ ಪ್ರಕಟವಾಯಿತು; ಬಿಳಿಯ ಮೃದು ಪ್ಯಾರಾಫಿನ್, ಹಳದಿಯ ಮೃದು ಪ್ಯಾರಾಫಿನ್, ದ್ರವ ಪ್ಯಾರಾಫಿನ್ ಎಂಬ ಹೆಸರುಗಳಿಂದ ಈ ಪದಾರ್ಥಗಳು ಇಂದಿಗೂ ಔಷಧಕೋಶದಲ್ಲಿವೆ. ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಒಂದು ಸಾಮಾನ್ಯ ಮುಲಾಮಿನ ಸೂತ್ರವು ನೂರು ಭಾಗಕ್ಕೆ ಮೃದು ಪ್ಯಾರಾಫಿನ್ ೫೦, ಮೇಣ ೩೦, ದ್ರವ ಪ್ಯಾರಾಫಿನ್ ೨೦ ಎಂಬದಾಗಿದೆ. ಸ್ವದೇಶೀ ಉದ್ಯಮವೂ ಇದನ್ನು ದೂರವಿಡಲಿಲ್ಲ. ೧೯೨೯ರಲ್ಲಿ ಕಲಕತ್ತೆಯಲ್ಲಿ ಗೌರಮೋಹನ ದತ್ತ ಎಂಬವರು ವಿಲಾಯತಿ ಲೇಪನಗಳಿಗೆ ಪ್ರತಿಯಾಗಿ ತಯಾರಿಸಿದ ‘ಬೋರೋಲೀನ್’ನಲ್ಲಿ ಬೋರಿಕ್ ಆಮ್ಲ, ಸತುವಿನ ಭಸ್ಮಗಳ ಜೊತೆಗೆ ಪ್ಯಾರಾಫಿನ್ನೂ ಇದೆ. ಅಂದಮೇಲೆ ಸ್ವದೇಶೀ-ವಿದೇಶೀ ಎಂಬ ಭೇದವು ಶಿಲಾತೈಲದ ವಿಷಯದಲ್ಲಿ ಪ್ರಯೋಜನಕ್ಕೆ ಬರುವದಿಲ್ಲ.

ನಮ್ಮ ಭಾಗದ ಮಟ್ಟಿಗೆ ಇನ್ನೊಂದು ಕಾರಣವನ್ನೂ ಹೇಳಬೇಕು. ಶೇಡಬಾಳ ಮೊದಲಾದ ಊರುಗಳಲ್ಲಿ ನೆಲೆಸಿದ ಜೈನರೂ ಎಲ್ಲೆಡೆ ಹರಡಿರುವ ಲಿಂಗಾಯತರೂ ಪ್ರಾಣಿಗಳ ಕೊಬ್ಬನ್ನು ಮುಟ್ಟಲೊಲ್ಲದವರು. ಜಿಡ್ಡಿನ ಮೂಲ ಯಾವದೆಂಬ ಪ್ರಶ್ನೆಯು ನಮ್ಮ ದೇಶದಲ್ಲಿ ಎಷ್ಟು ಉರಿಯಬಲ್ಲದೆಂಬದಕ್ಕೆ ೧೮೫೭ರ ತೋಟೆಗಳ ಪ್ರಕರಣವೇ ಸಾಕ್ಷಿ. ೧೯೮೩ರಲ್ಲಿ ವನಸ್ಪತಿ ತುಪ್ಪದಲ್ಲಿ ದನದ ಕೊಬ್ಬು ಬೆರೆತಿದೆಯೆಂಬ ಕೋಲಾಹಲವನ್ನು ಹಿರಿಯರು ಇನ್ನೂ ಮರೆತಿಲ್ಲ. ಸಾಬೂನಿನಲ್ಲಿಯೂ ಲೇಪನದಲ್ಲಿಯೂ ಕೊಬ್ಬಿನ ಅಥವಾ ಉಣ್ಣೆಯ ಜಿಡ್ಡಿನ ಶಂಕೆಯಿರುವಲ್ಲಿ ಶಿಲಾತೈಲದ ಜೆಲ್ಲಿಯು ಯಾವ ಪ್ರಾಣಿಯ ಹಿಂಸೆಯನ್ನೂ ಒಳಗೊಳ್ಳದ ಪದಾರ್ಥವಾಗಿದೆ. ಜೀವದಿಂದ ಹುಟ್ಟಲಿಲ್ಲವೆಂಬ ಯಾವ ಕಾರಣದಿಂದ ಅದು ಸಂಶಯಕ್ಕೆ ಗುರಿಯಾಯಿತೋ ಅದೇ ಕಾರಣದಿಂದ ಅದು ಶುದ್ಧವೂ ಆಯಿತು. ಅಪಕೀರ್ತಿಯನ್ನು ಹರಡುವವರು ಈ ಎರಡನೆಯ ಮುಖವನ್ನು ಗಮನಿಸಿದಂತೆ ಕಾಣುವದಿಲ್ಲ.

೪

ಇನ್ನು ಅಪಕೀರ್ತಿಯ ಮೂಲವನ್ನು ನೋಡೋಣ. ಅದಕ್ಕೆ ಮೂರು ಬೇರುಗಳಿರುವಂತೆ ನಮಗೆ ತೋರುತ್ತದೆ.

ಮೊದಲನೆಯದು ಶಬ್ದದ ಬೇರು. ನಮ್ಮ ಕಡೆಯ ಹಳ್ಳಿಗಳಲ್ಲಿ ಸೀಮೆಯೆಣ್ಣೆಗೆ ‘ಚಿಮಣಿ ಎಣ್ಣಿ’ ಎಂದು ಹೆಸರು. ಮರಾಠಿಯ ಸಂಪರ್ಕದಿಂದ ‘ಘಾಸಲೇಟ’ ಎಂಬದೂ ಉಂಟು. ದೀಪದಲ್ಲಿ ಉರಿದು ಮಸಿಯನ್ನು ಕಾರುವ ಆ ಎಣ್ಣೆಯ ಒಡಹುಟ್ಟು ತುಟಿಗೆ ಹಚ್ಚುವ ಬಿಳಿಯ ಜೆಲ್ಲಿಯೆಂದು ಕೇಳಿದೊಡನೆ ಮನಸ್ಸು ಹಿಂಜರಿಯುವದು ಸಹಜ. ಆದರೆ ಒಂದೇ ಮೂಲದಿಂದ ಬಂದವೆಲ್ಲ ಒಂದೇ ಗುಣದವು ಎಂಬ ತರ್ಕವು ನಿಲ್ಲಲಾರದು. ಒಂದೇ ಕಬ್ಬಿನಿಂದ ಬೆಲ್ಲವೂ ಬರುತ್ತದೆ, ಮದ್ಯಸಾರವೂ ಬರುತ್ತದೆ. ಕಾಗವಾಡ ತಾಲೂಕಿನ ಉಗಾರದಂಥ ಸಕ್ಕರೆ ಕಾರಖಾನೆಯ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಬೇರು ಹೆಚ್ಚು ಆಳವಾದದ್ದು, ಮತ್ತು ಅದರಲ್ಲಿ ಸತ್ಯವಿದೆ. ೧೮೭೫ರಲ್ಲಿ ಜರ್ಮನಿಯ ಫೋಕ್‌ಮನ್ ಎಂಬ ಶಸ್ತ್ರವೈದ್ಯನು ಡಾಂಬರು ಮತ್ತು ಪ್ಯಾರಾಫಿನ್ ಕೆಲಸಗಾರರಲ್ಲಿಯೂ, ೧೮೭೬ರಲ್ಲಿ ಎಡಿನ್‌ಬರೋದ ಜೋಸೆಫ್ ಬೆಲ್ ಎಂಬವನು ಸ್ಕಾಟ್ಲಂಡದ ಪ್ಯಾರಾಫಿನ್ ಕೆಲಸಗಾರರಲ್ಲಿಯೂ ಚರ್ಮದ ಅರ್ಬುದವನ್ನು ಕಂಡು ವರದಿಮಾಡಿದರು. ಲ್ಯಾಂಕಶೈರಿನ ಹತ್ತಿಯ ಗಿರಣಿಗಳಲ್ಲಿ ನೂಲುವ ಯಂತ್ರದ ಕದಿರುಗಳಿಂದ ಸಿಡಿದ ಖನಿಜತೈಲವು ಕೆಲಸಗಾರರ ಬಟ್ಟೆಯನ್ನು ತೋಯಿಸಿ, ವರ್ಷಗಟ್ಟಲೆ ಅವರ ತೊಡೆಸಂದಿಯ ಚರ್ಮಕ್ಕೆ ತಾಗುತ್ತಿದ್ದಿತು. ೧೯೨೨ರಲ್ಲಿ ಸೌದಮ್ ಮತ್ತು ವಿಲ್ಸನ್ ಎಂಬ ವೈದ್ಯರು ಇವರಲ್ಲಿ ಕಂಡುಬಂದ ವೃಷಣಕೋಶದ ಅರ್ಬುದವನ್ನು ಪ್ರಕಟಪಡಿಸಿದರು. ೧೯೨೬ರಲ್ಲಿ ಬ್ರಿಟಿಷ್ ಸರಕಾರದ ಸಮಿತಿಯು ಈ ವಿಷಯವಾಗಿ ವರದಿಯನ್ನು ಕೊಟ್ಟಿತು. ಅಂದಮೇಲೆ “ಖನಿಜತೈಲದಿಂದ ಕ್ಯಾನ್ಸರ್” ಎಂಬದು ಕಟ್ಟುಕತೆಯಲ್ಲ. ಅದು ದುಡಿಯುವ ಜನರ ದೇಹದ ಮೇಲೆ ಬರೆದ ಇತಿಹಾಸ.

ಆದರೆ ಆ ಇತಿಹಾಸವನ್ನು ಕೊನೆಯವರೆಗೆ ಓದಬೇಕು. ೧೯೫೩ರಲ್ಲಿ ಬ್ರಿಟನ್ನಿನಲ್ಲಿ ಈ ಗಿರಣಿಗಳಿಗಾಗಿ ಮಾಡಿದ ವಿಶೇಷ ನಿಯಮಗಳು ಕದಿರುಗಳಿಗೆ ಪ್ರಾಣಿಜನ್ಯ ಅಥವಾ ಸಸ್ಯಜನ್ಯ ಎಣ್ಣೆಯನ್ನಾಗಲಿ, ಪೂರ್ಣವಾಗಿ ಶೋಧಿಸಿದ ‘ಬಿಳಿಯ ಎಣ್ಣೆ’ಯನ್ನಾಗಲಿ ಮಾತ್ರ ಬಳಸಬೇಕೆಂದು ವಿಧಿಸಿದವು. ಈ ಬಿಳಿಯ ಎಣ್ಣೆಯೂ ಶಿಲಾತೈಲದ್ದೇ. ಕೆಲಸಗಾರರನ್ನು ಕಾಪಾಡಲು ಹೊರಟ ಶಾಸನವೇ ಶೋಧಿಸದ ಎಣ್ಣೆಗೂ ಶೋಧಿಸಿದ ಎಣ್ಣೆಗೂ ಹೀಗೆ ಗೆರೆಯನ್ನು ಎಳೆದಿದೆ. ಅರ್ಬುದ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆಯೂ ಇದೇ ಗೆರೆಯನ್ನು ಒಪ್ಪಿದೆ. ಶೋಧಿಸದ ಮತ್ತು ಅರೆಶೋಧಿತ ಖನಿಜತೈಲಗಳನ್ನು ಅದು ಅರ್ಬುದಕಾರಕಗಳ ಮೊದಲನೆಯ ವರ್ಗದಲ್ಲಿ ಇರಿಸಿದರೆ, ಅತಿಶೋಧಿತ ತೈಲಗಳನ್ನು ಅರ್ಬುದಕಾರಕವೆಂದು ವರ್ಗೀಕರಿಸಲಾಗದ ಮೂರನೆಯ ವರ್ಗದಲ್ಲಿ ಇರಿಸಿದೆ. ಹಾನಿಯನ್ನು ಮಾಡುವವು ತೈಲದಲ್ಲಿರುವ ಬಹುವಲಯದ ಸುಗಂಧಿ ಸಂಯುಕ್ತಗಳು. ಶೋಧನೆಯಿಂದ ತೆಗೆದುಹಾಕುವದು ಅವುಗಳನ್ನೇ. ಇಂದಿನ ಅಪಕೀರ್ತಿಯು ಮೊದಲನೆಯ ವರ್ಗದ ತೀರ್ಪನ್ನು ಮೂರನೆಯ ವರ್ಗದ ಪದಾರ್ಥಕ್ಕೆ ಹೊರಿಸುತ್ತಿದೆ. ಇದು ಒಬ್ಬ ಅರಸನ ಶಾಸನವನ್ನು ಅದೇ ಹೆಸರಿನ ಬೇರೊಬ್ಬ ಅರಸನಿಗೆ ಆರೋಪಿಸಿದಂತೆ.

ಮೂರನೆಯದು ಮೊಡವೆಯ ಬೇರು. ೧೯೭೦ರ ಸುಮಾರಿಗೆ ಅಮೇರಿಕೆಯ ಕ್ಲಿಗ್‌ಮನ್ ಮೊದಲಾದ ಚರ್ಮವೈದ್ಯರು ಕೂದಲಿಗೆ ಹಚ್ಚುವ ಜಿಡ್ಡಿನ ಲೇಪಗಳಿಂದ ಹಣೆಯ ಮೇಲೆ ಮೊಡವೆಗಳು ಏಳುತ್ತವೆಂದು ವರ್ಣಿಸಿದರು. ೧೯೭೨ರಲ್ಲಿ ಕ್ಲಿಗ್‌ಮನ್ ಮತ್ತು ಮಿಲ್ಸ್ ಇವರು ಮೊಲದ ಕಿವಿಯ ಒಳಭಾಗಕ್ಕೆ ಪದಾರ್ಥಗಳನ್ನು ಹಚ್ಚಿ ಪರೀಕ್ಷಿಸುವ ಕ್ರಮದಿಂದ ಅನೇಕ ಪ್ರಸಾಧನದ್ರವ್ಯಗಳನ್ನು ದೋಷಿಗಳೆಂದು ಗುರುತಿಸಿದರು. “ರಂಧ್ರಗಳನ್ನು ಮುಚ್ಚುತ್ತದೆ” ಎಂಬ ಮಾತು ಅಲ್ಲಿಂದ ಜನಪ್ರಿಯವಾಯಿತು. ಆದರೆ ೧೯೯೬ರಲ್ಲಿ ಅದೇ ಕ್ಲಿಗ್‌ಮನ್ ತನ್ನ ಹಿಂದಿನ ಕ್ರಮವನ್ನು ತಾನೇ ಮರುಪರೀಕ್ಷಿಸಿ, ಪೆಟ್ರೋಲಿಯಂ ಜೆಲ್ಲಿಯು ಮೊಲದಲ್ಲಾಗಲಿ ಮನುಷ್ಯನಲ್ಲಾಗಲಿ ಮೊಡವೆಯನ್ನು ಹುಟ್ಟಿಸುವದಿಲ್ಲವೆಂದು ಬರೆದನು. ಖನಿಜತೈಲವನ್ನು ಕುರಿತು ೨೦೦೫ರಲ್ಲಿ ಪ್ರಕಟವಾದ ಪರೀಕ್ಷೆಯೂ ಇದನ್ನೇ ಹೇಳಿತು. ಆರೋಪವು ಊರೂರು ಸುತ್ತಿತು. ಆರೋಪಿಸಿದವನೇ ಅದನ್ನು ಹಿಂದೆಗೆದುಕೊಂಡ ಸುದ್ದಿಯು ಗ್ರಂಥಾಲಯದಲ್ಲಿ ಉಳಿಯಿತು. ವಿದ್ವಾಂಸನೊಬ್ಬನು ತನ್ನ ತಪ್ಪನ್ನು ತಾನೇ ತಿದ್ದಿಕೊಂಡ ಈ ಉದಾಹರಣೆಯು ನಮ್ಮ ವಿದ್ಯಾರ್ಥಿಗಳಿಗೆ ಪ್ರತ್ಯೇಕವಾಗಿ ಮನನೀಯವಾದದ್ದು.

೫

ಅಪಕೀರ್ತಿಯು ಹೀಗೆ ಸಡಿಲವಾದರೂ, ಪದಾರ್ಥದ ನಿಜವಾದ ಗುಣವೇನೆಂಬ ಪ್ರಶ್ನೆ ಉಳಿಯುತ್ತದೆ. ಚರ್ಮದ ಹೊರಪದರಿನಿಂದ ನೀರು ಸದಾ ಆವಿಯಾಗುತ್ತಿರುತ್ತದೆ. ಜೆಲ್ಲಿಯು ಈ ಆವಿಯಾಗುವಿಕೆಯನ್ನು ಬೇರಾವ ಸಾಮಾನ್ಯ ಲೇಪನಕ್ಕಿಂತಲೂ ಹೆಚ್ಚಾಗಿ ತಡೆಯುತ್ತದೆಂಬದನ್ನು ಚರ್ಮವಿಜ್ಞಾನವು ಒಪ್ಪಿದೆ. “ಚರ್ಮವನ್ನು ಉಸಿರು ಕಟ್ಟಿಸುತ್ತದೆ” ಎಂಬ ಆಕ್ಷೇಪಣೆಗೆ ಹೆಚ್ಚು ಬೆಲೆಯಿಲ್ಲ. ಚರ್ಮಕ್ಕೆ ಬೇಕಾದ ಪ್ರಾಣವಾಯುವು ಬಹುಮಟ್ಟಿಗೆ ರಕ್ತದಿಂದಲೇ ಒದಗುತ್ತದೆ. ೧೯೯೨ರಲ್ಲಿ ಗಡಿಯಾಲಿ ಮತ್ತು ಅವರ ಸಂಗಡಿಗರು ಜೆಲ್ಲಿಯು ಕೇವಲ ಮೇಲೆ ಕುಳಿತಿರದೆ ಹೊರಪದರಿನ ಕೋಶಗಳ ನಡುವಿನ ಎಡೆಗಳಲ್ಲಿ ಸೇರಿಕೊಳ್ಳುತ್ತದೆಂದೂ, ಅದರ ಕೆಳಗೆ ಚರ್ಮವು ತನ್ನ ತಡೆಗೋಡೆಯನ್ನು ಮತ್ತೆ ಕಟ್ಟಿಕೊಳ್ಳಲು ಅಡ್ಡಿಯಾಗುವದಿಲ್ಲವೆಂದೂ ತೋರಿಸಿದರು.

ಇದಕ್ಕಿಂತ ಗಂಭೀರವಾದ ಪರೀಕ್ಷೆಯು ನಮ್ಮ ನೆರೆಯ ದೇಶದಲ್ಲಿ ನಡೆಯಿತು. ಬಾಂಗ್ಲಾದೇಶದ ಢಾಕಾ ನಗರದ ಮಕ್ಕಳ ಆಸ್ಪತ್ರೆಯಲ್ಲಿ ದಿನತುಂಬದೆ ಹುಟ್ಟಿದ ಕೂಸುಗಳ ಚರ್ಮಕ್ಕೆ ಕೆಲವರಿಗೆ ಸೂರ್ಯಕಾಂತಿಯ ಎಣ್ಣೆಯನ್ನೂ, ಕೆಲವರಿಗೆ ಪೆಟ್ರೋಲಿಯಂ ಜೆಲ್ಲಿಯ ಆಧಾರವುಳ್ಳ ಮುಲಾಮನ್ನೂ ಹಚ್ಚಿ ನೋಡಲಾಯಿತು. ಡಾರ್ಮ್‌ಸ್ಟಾಟ್ ಮತ್ತು ಸಂಗಡಿಗರು ೨೦೦೮ರಲ್ಲಿ ಪ್ರಕಟಿಸಿದಂತೆ, ಏನನ್ನೂ ಹಚ್ಚದ ಕೂಸುಗಳಿಗೆ ಹೋಲಿಸಿದರೆ ಮರಣವು ಎಣ್ಣೆಯಿಂದ ಶೇಕಡಾ ೨೬ರಷ್ಟು, ಮುಲಾಮಿನಿಂದ ಶೇಕಡಾ ೩೨ರಷ್ಟು ಕಡಿಮೆಯಾಗಿತ್ತು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಬೀಜದೆಣ್ಣೆ ಮತ್ತು ಶಿಲಾತೈಲಗಳು ಶತ್ರುಗಳಾಗಿರದೆ ಒಂದೇ ಕೆಲಸವನ್ನು ಮಾಡುವ ಎರಡು ಸಾಧನಗಳಾಗಿ ಕಂಡುಬಂದವು.

ಬೀಜದೆಣ್ಣೆಗಳೆಲ್ಲ ಒಂದೇ ಎಂದೂ ತಿಳಿಯಬಾರದು. ಲಿನೋಲಿಕ್ ಆಮ್ಲವು ಹೆಚ್ಚಾಗಿರುವ ಸೂರ್ಯಕಾಂತಿಯಂಥ ಎಣ್ಣೆಗಳು ಚರ್ಮಕ್ಕೆ ಹಿತವಾದವು; ಓಲಿಕ್ ಆಮ್ಲವು ಹೆಚ್ಚಾಗಿರುವ ಆಲಿವ್ ಎಣ್ಣೆಯಾಗಲಿ, ಸಾಸಿವೆಯ ಎಣ್ಣೆಯಾಗಲಿ ಚರ್ಮದ ತಡೆಗೋಡೆಯನ್ನು ದುರ್ಬಲಗೊಳಿಸುವದು ಕಂಡುಬಂದಿದೆ. ನಮ್ಮ ಎರೆನೆಲದ ಹಳೆಯ ಕುಸುಬಿಯ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲವು ಬಹು ಹೆಚ್ಚಾಗಿದೆ. ಅಜ್ಜಿಯರು ಆರಿಸಿಕೊಂಡುದು ಹೀನವಾದ ಎಣ್ಣೆಯಾಗಿರಲಿಲ್ಲ. ಆದುದರಿಂದ ‘ನೈಸರ್ಗಿಕ’ವೆಂಬ ಒಂದೇ ವಿಶೇಷಣದಿಂದ ಒಳ್ಳೆಯದು ಕೆಟ್ಟದ್ದೆಂದು ಬೇರ್ಪಡಿಸಲು ಬರುವದಿಲ್ಲ, ಯಾವ ಎಣ್ಣೆ, ಎಂಥ ಶುದ್ಧಿಯದು, ಯಾರ ಚರ್ಮಕ್ಕೆ, ಯಾವ ಹವೆಯಲ್ಲಿ ಎಂದು ಕೇಳಬೇಕು.

ಹೊಗಳಿಕೆಗೂ ಮಿತಿಯಿರಬೇಕು. ಆರೋಗ್ಯವಂತ ಕೂಸುಗಳಿಗೆ ಪ್ರತಿನಿತ್ಯ ಲೇಪನವನ್ನು ಹಚ್ಚಿದರೆ ಮುಂದೆ ಇಸಬು ಬಾರದಂತೆ ತಡೆಯಬಹುದೆಂಬ ನಂಬಿಕೆಯನ್ನು ಇಂಗ್ಲಂಡಿನಲ್ಲಿ ಪ್ಯಾರಾಫಿನ್ ಲೇಪನಗಳಿಂದಲೇ ಪರೀಕ್ಷಿಸಲಾಗಿ, ೨೦೨೦ರಲ್ಲಿ ಪ್ರಕಟವಾದ ಫಲವು ಆ ನಂಬಿಕೆಯನ್ನು ಎತ್ತಿಹಿಡಿಯಲಿಲ್ಲ. ಜೆಲ್ಲಿಯು ಇದ್ದ ನೀರನ್ನು ಕಾಯುತ್ತದೆಯೇ ಹೊರತು ಇಲ್ಲದ ನೀರನ್ನು ಕೊಡಲಾರದು. ಆದುದರಿಂದಲೇ ಕಾಲನ್ನು ನೀರಿನಲ್ಲಿ ನೆನೆಸಿ, ಒರೆಸಿ, ಹಸಿ ಆರುವ ಮೊದಲೇ ಅದನ್ನು ಹಚ್ಚಬೇಕು. ಒಣಗಿದ ಹಿಮ್ಮಡಿಗೆ ಹಚ್ಚಿ ಗುಣ ಕಾಣಲಿಲ್ಲವೆಂಬವರು ಅನೇಕರಿದ್ದಾರೆ.

೬

ಶಿಲಾತೈಲದ ಪಕ್ಷವನ್ನು ವಹಿಸುವವರನ್ನೂ ನಾವು ವಿಮರ್ಶಿಸದೆ ಬಿಡುವಂತಿಲ್ಲ. ಪದಾರ್ಥವು ನಿರ್ದೋಷಿಯಾದರೂ ಅದನ್ನು ಮಾರುವ ಕ್ರಮವು ನಿರ್ದೋಷಿಯಲ್ಲ.

ನಮ್ಮ ಸಂತೆಗಳಲ್ಲಿ ಬಾದಾಮಿ, ನೆಲ್ಲಿ, ಬ್ರಾಹ್ಮಿಗಳ ಚಿತ್ರವನ್ನು ಹೊತ್ತ ತಲೆಯೆಣ್ಣೆಯ ಶೀಶೆಗಳು ಬಹಳ. ಅವುಗಳಲ್ಲಿ ಹಲವುಗಳ ಮುಖ್ಯದ್ರವ್ಯ ಹಗುರಾದ ದ್ರವ ಪ್ಯಾರಾಫಿನ್. ಚಿತ್ರದಲ್ಲಿರುವ ಬೀಜದ ಅಥವಾ ಕಾಯಿಯ ಅಂಶವು ಅತ್ಯಲ್ಪ. ಪ್ರಸಾಧನಗಳ ೨೦೨೦ರ ನಿಯಮಗಳ ಮೇರೆಗೆ ಶೇಕಡಾ ಒಂದಕ್ಕಿಂತ ಹೆಚ್ಚಾಗಿರುವ ದ್ರವ್ಯಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಹೆಸರಿಸಬೇಕಾಗಿದೆ, ಹೆಸರಿಸುತ್ತಾರೆ ಕೂಡ. ಆದರೆ ಎಲ್ಲಿ? ಶೀಶೆಯ ಹಿಂಬದಿಯಲ್ಲಿ, ಎಳ್ಳಿಗಿಂತ ಸಣ್ಣ ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿ. ಕನ್ನಡವನ್ನಾಗಲಿ ಮರಾಠಿಯನ್ನಾಗಲಿ ಓದಬಲ್ಲ ನಿಪ್ಪಾಣಿಯ ಗೃಹಿಣಿಗೆ ಮುಂಬದಿಯ ಬಾದಾಮಿಯ ಚಿತ್ರವೇ ಅರ್ಥವಾಗುವ ಏಕೈಕ ಭಾಷೆ. ಭಾಷೆಯ ಗಡಿಗಾಗಿ ಇಷ್ಟು ವರ್ಷ ವಾದಿಸಿದ ಈ ಸೀಮೆಯಲ್ಲಿ, ಶೀಶೆಯ ಮೇಲೆ ಎರಡೂ ಭಾಷೆಗಳಿಗೆ ಎಡೆಯಿಲ್ಲದಿರುವದನ್ನು ಯಾರೂ ಆಕ್ಷೇಪಿಸದಿರುವದು ಸೋಜಿಗ. ಹೀಗೆ ಮುಚ್ಚಿಟ್ಟುದು ಒಂದು ದಿನ ಬಯಲಾದಾಗ ಕೊಂಡವಳಿಗೆ ತಾನು ಮೋಸಹೋದೆನೆಂದು ಅನಿಸುತ್ತದೆ. ಮೋಸವಾದದ್ದು ಹೆಸರಿನಲ್ಲಿ, ಆದರೆ ಸಿಟ್ಟು ಬರುವದು ಪದಾರ್ಥದ ಮೇಲೆ. ಅಪಕೀರ್ತಿಯು ಇಷ್ಟು ಬೇಗ ಹಬ್ಬಲು ಇದೇ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ.

ಎರಡನೆಯದಾಗಿ, ಶುದ್ಧಿಯ ಮೇಲೆಯೇ ಎಲ್ಲವೂ ನಿಂತಿರುವಾಗ ಶುದ್ಧಿಯನ್ನು ಪರೀಕ್ಷಿಸುವ ಹೊಣೆ ಯಾರದು? ಯುರೋಪಿನ ಕಾಯಿದೆಯು ಜೆಲ್ಲಿಯ ಶೋಧನೆಯ ಸಂಪೂರ್ಣ ಇತಿಹಾಸವು ಗೊತ್ತಿದ್ದು, ಅದರ ಮೂಲದ್ರವ್ಯವು ಅರ್ಬುದಕಾರಕವಲ್ಲವೆಂದು ತೋರಿಸಿದಲ್ಲಿ ಮಾತ್ರ ಅದಕ್ಕೆ ಅವಕಾಶ ಕೊಡುತ್ತದೆ. ೨೦೧೫ರಲ್ಲಿ ಜರ್ಮನಿಯ ಗ್ರಾಹಕ ಪರೀಕ್ಷಾಸಂಸ್ಥೆಯೊಂದು ಕೆಲವು ಪ್ರಸಾಧನಗಳಲ್ಲಿ ಸುಗಂಧಿ ಸಂಯುಕ್ತಗಳ ಅಂಶವನ್ನು ಕಂಡು ಎಚ್ಚರಿಸಿತು. ಚರ್ಮಕ್ಕೆ ಹಚ್ಚುವದರಿಂದ ಅಪಾಯವನ್ನು ನಿರೀಕ್ಷಿಸಬೇಕಾಗಿಲ್ಲವೆಂದು ಅಲ್ಲಿಯ ಸರಕಾರೀ ಸಂಸ್ಥೆಯು ಅಭಿಪ್ರಾಯಪಟ್ಟಿತು. ವಾದವು ನಡೆದುದೇ ಅಲ್ಲಿಯ ಗ್ರಾಹಕರ ಭಾಗ್ಯ. ಜಾತ್ರೆಯ ಅಂಗಡಿಗಳಲ್ಲಿ, ಉದಾಹರಣೆಗೆ ರಾಯಬಾಗ ತಾಲೂಕಿನ ಚಿಂಚಲಿಯ ಮಾಯಕ್ಕನ ಜಾತ್ರೆಯಂಥ ದೊಡ್ಡ ನೆರವಿಯಲ್ಲಿ, ತಯಾರಕರ ಹೆಸರಿಲ್ಲದ ಡಬ್ಬಿಯು ಕೈಗೆ ಬಂದರೆ ಅದನ್ನು ಕೊಳ್ಳದಿರುವದೇ ಲೇಸು. ಗಾಡಿಯ ಗ್ರೀಸಾಗಲಿ ಯಂತ್ರದ ಎಣ್ಣೆಯಾಗಲಿ ಮೈಗೆ ಹಚ್ಚತಕ್ಕದ್ದಲ್ಲ. ಲ್ಯಾಂಕಶೈರಿನ ಕೆಲಸಗಾರರ ಪಾಠವು ನಿಜವಾಗಿ ಅನ್ವಯಿಸುವದು ಇಲ್ಲಿಯೇ.

ಮೂರನೆಯದಾಗಿ ಇನ್ನೆರಡು ಅಪಾಯಗಳನ್ನು ಹೇಳಬೇಕು. ಪ್ಯಾರಾಫಿನ್ ಲೇಪನವು ಬಟ್ಟೆ-ಹಾಸಿಗೆಗಳಿಗೆ ಹತ್ತಿ ಒಣಗಿದರೆ ಅವು ಬೆಂಕಿಗೆ ಬೇಗ ತುತ್ತಾಗುತ್ತವೆಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯು ೨೦೧೮ರಲ್ಲಿ ಎಚ್ಚರಿಸಿದೆ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವವರೂ, ಹಾಸಿಗೆಯಲ್ಲಿ ಬೀಡಿ ಸೇದುವ ಮುದುಕರೂ ಇರುವ ಮನೆಗಳು ಇದನ್ನು ಅರಿಯಬೇಕು. ಕೂಸಿನ ಮೂಗಿನೊಳಗೆ ಎಣ್ಣೆಯನ್ನು ಬಿಡುವ ರೂಢಿಯು ನಮ್ಮಲ್ಲಿ ಹಳೆಯದು. ಖನಿಜತೈಲವಿರಲಿ ಕೊಬ್ಬರಿಯೆಣ್ಣೆಯಿರಲಿ, ಅದು ಶ್ವಾಸಕೋಶಕ್ಕೆ ಇಳಿದರೆ ಬಾವು ತಪ್ಪದು. ಬೇಸಿಗೆಯಲ್ಲಿ ಬೆವರುವ ಮೈಗೆ ದಪ್ಪನಾಗಿ ಬಳಿದರೆ ಬೆವರುಸಾಲೆ ಏಳುವದೂ ಉಂಟು. ಭಯಪಡಿಸುವವರು ಇವುಗಳನ್ನು ಹೇಳುವದಿಲ್ಲ, ಮಾರುವವರೂ ಹೇಳುವದಿಲ್ಲ.

ನೆಲದಡಿಯ ತೈಲವು ಮುಗಿಯತಕ್ಕ ಸಂಪತ್ತು, ಅದರ ಉರಿಯುವಿಕೆಯಿಂದ ಹವೆಯೇ ಕೆಡುತ್ತಿದೆ, ಆದುದರಿಂದ ಅದನ್ನು ಬಿಡಬೇಕೆಂಬ ವಾದವನ್ನು ನಾವು ಗೌರವಿಸುತ್ತೇವೆ. ಆದರೆ ಅದು ಬೇರೆ ವಾದ. ತತ್ತ್ವಕ್ಕಾಗಿ ಬಿಡುವವನು ಹಾಗೆಂದು ಹೇಳಿ ಬಿಡಲಿ. ಅದಕ್ಕೆ ಅರ್ಬುದದ ಹೆದರಿಕೆಯನ್ನು ಸಾಕ್ಷಿಗೆ ಕರೆಯಬಾರದು.

೭

ಮೇಲಿನ ವಿವೇಚನೆಯಿಂದ ನಾವು ಬರುವ ನಿರ್ಣಯ ಇಷ್ಟು. ಶಿಲಾತೈಲದ ಲೇಪನಗಳ ಅಪಕೀರ್ತಿಯು ಶೂನ್ಯದಿಂದ ಹುಟ್ಟಿದ್ದಲ್ಲ. ಶೋಧಿಸದ ತೈಲದಿಂದ ಸತ್ತ ಕೆಲಸಗಾರರ ಸತ್ಯವು ಅದರ ಹಿಂದಿದೆ. ಆದರೆ ಆ ಸತ್ಯವು ತನ್ನ ಸ್ಥಳ-ಕಾಲಗಳನ್ನು ಕಳೆದುಕೊಂಡು, ಬೇರೊಂದು ಪದಾರ್ಥದ ಮೇಲೆ ಬಂದು ಕುಳಿತಿದೆ. ಅದರ ಲಾಭವನ್ನು ಪಡೆಯುವವರು ಬೆಲೆಬಾಳುವ ‘ನೈಸರ್ಗಿಕ’ ಶೀಶೆಗಳನ್ನು ಮಾರುವವರು. ನಷ್ಟವನ್ನು ಹೊರುವವರು ಹಿಮ್ಮಡಿ ಒಡೆದ ದುಡಿಯುವ ಹೆಂಗಸರು. ಇದಕ್ಕೂ ಕೆಡುಕಾದದ್ದೊಂದುಂಟು. ಅಗ್ಗದ ಜೆಲ್ಲಿಗೆ ಹೆದರಿದವರು ಅಂಗಡಿಯವನು ಕೊಟ್ಟ ಸ್ಟೆರಾಯ್ಡ್ ಮುಲಾಮನ್ನು ಹೆದರದೆ ಮುಖಕ್ಕೆ ಹಚ್ಚಿಕೊಳ್ಳುತ್ತಾರೆ. ೨೦೧೮ರಲ್ಲಿ ಕೇಂದ್ರ ಸರಕಾರವು ಇಂಥ ಕೆಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಬೇಕಾಯಿತೆಂಬದನ್ನು ನೆನೆದರೆ ಭಯವು ಎಷ್ಟು ತಪ್ಪು ದಾರಿಯಲ್ಲಿ ಸಾಗಿದೆಯೆಂಬದು ತಿಳಿಯುತ್ತದೆ.

ಕಾಲೇಜುಗಳ ಅಧ್ಯಾಪಕರು ಇಲ್ಲಿ ಮಾಡಬಹುದಾದ ಕೆಲಸವು ಸಣ್ಣದಾದರೂ ಅವಶ್ಯವಾದದ್ದು. ರಸಾಯನಶಾಸ್ತ್ರದವರು ಒಂದು ಡಬ್ಬಿಯ ಹಿಂಬದಿಯನ್ನು ತರಗತಿಯಲ್ಲಿ ಓದಿಸಲಿ. ಕನ್ನಡದವರು ಅಲ್ಲಿಯ ಹೆಸರುಗಳಿಗೆ ಜನರಿಗೆ ತಿಳಿಯುವ ಮಾತುಗಳನ್ನು ಒದಗಿಸಲಿ. ಇತಿಹಾಸದ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಅಜ್ಜಿಯರಿಂದ ಮುರುಗಲ ತುಪ್ಪ, ಕುಸುಬಿಯೆಣ್ಣೆ, ರಾಳ-ಮೇಣಗಳ ಬಳಕೆಯನ್ನು ಕೇಳಿ ಬರೆದಿಡಲಿ. ಆ ತಲೆಮಾರು ನಮ್ಮ ಕಣ್ಣ ಮುಂದೆಯೇ ಕಳೆದುಹೋಗುತ್ತಿದೆ.

ನಮ್ಮ ವಿದ್ಯಾರ್ಥಿನಿಗೆ ನಾವು ಹೇಳಿದ್ದೂ ಇಷ್ಟೇ. ಮನೆಯಲ್ಲಿ ಕುಸುಬಿಯ ಎಣ್ಣೆಯಿದ್ದರೆ ಅದನ್ನು ಹಚ್ಚು, ಅಥವಾ ಎಸೆದ ಡಬ್ಬಿಯಂಥದನ್ನೇ ತಯಾರಕರ ಹೆಸರು ನೋಡಿ ಮತ್ತೆ ಕೊಂಡು ತಾ. ಎರಡರಲ್ಲಿ ಯಾವದಾದರೂ ತಾಯಿಯ ಕಾಲನ್ನು ನೀರಿನಲ್ಲಿ ನೆನೆಸಿದ ಮೇಲೆ ಹಚ್ಚು. ಉಳಿದ ಹಣವು ಆಕೆಯ ಕೈಯಲ್ಲಿಯೇ ಇರಲಿ.